ಮೊತ್ತಗಳಿಂದ ಗುಣೋತ್ತರ ಶ್ರೇಢಿಯ ಸಾಮಾನ್ಯ ಅನುಪಾತವನ್ನು ಕಂಡುಹಿಡಿಯುವ ಬಗೆ

ಪ್ರತಿ ಪದವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದಾಗ ಮುಂದಿನ ಪದ ಸಿಗುವ ಸಾಲೇ ಗುಣೋತ್ತರ ಶ್ರೇಢಿ; ಆ ಸಂಖ್ಯೆಯೇ ಅದರ ಸಾಮಾನ್ಯ ಅನುಪಾತ. ಅಕ್ಕಪಕ್ಕದ ಎರಡು ಪದಗಳು ಗೊತ್ತಿದ್ದರೆ ಸಾಮಾನ್ಯ ಅನುಪಾತಕ್ಕೆ ಒಂದು ಭಾಗಾಕಾರ ಸಾಕು. ಪದಗಳನ್ನು ಮುಚ್ಚಿಟ್ಟು ಮೊತ್ತಗಳನ್ನಷ್ಟೇ ಕೊಟ್ಟಾಗ ಲೆಕ್ಕದ ದಾರಿ ಬೇರೆಯಾಗುತ್ತದೆ. ಎಸ್ಎಸ್ಎಲ್‌ಸಿಯಲ್ಲಿ ಸಮಾಂತರ ಶ್ರೇಢಿಯನ್ನು ಮಾತ್ರ ಕಲಿತು ಪ್ರಥಮ ಪಿಯುಸಿಗೆ ಬರುವವರು ಇಲ್ಲಿ ಎಡವುವುದನ್ನು ಕೊಡಗಿನ ಯಾವ ಕಾಲೇಜಿನಲ್ಲಾದರೂ ಕಾಣಬಹುದು. ಜುಲೈ ತಿಂಗಳ ಮಳೆರಜೆಗಳಲ್ಲಿ ಮನೆಯಲ್ಲೇ ಕುಳಿತು ಓದಿಕೊಳ್ಳುವ ಅಂತಹ ವಿದ್ಯಾರ್ಥಿಗೆ ನೆರವಾಗಲೆಂದು, ಪರೀಕ್ಷೆಯಲ್ಲಿಯೂ ವ್ಯವಹಾರದಲ್ಲಿಯೂ ಎದುರಾಗುವ ಮುಖ್ಯ ಸಂದರ್ಭಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿದೆ.

ಮೊತ್ತಕ್ಕೂ ಪದಕ್ಕೂ ಇರುವ ಸಂಬಂಧವನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಭಾಗ) ಅಳೆದು ಬರೆದಿಡುವ ಪುಸ್ತಕವನ್ನು ನೋಡಿದವರಿಗೆ ಇದು ಹೊಸತಲ್ಲ: ಒಂದು ಕಡೆ ಆ ದಿನ ಬಿದ್ದ ಮಳೆ, ಇನ್ನೊಂದು ಕಡೆ ವರ್ಷದ ಆರಂಭದಿಂದ ಅಂದಿನವರೆಗಿನ ಒಟ್ಟು ಮಳೆ. ದಿನದ ಲೆಕ್ಕ ಅಳಿಸಿಹೋಗಿದ್ದರೂ ಇಂದಿನ ಒಟ್ಟಿನಿಂದ ನಿನ್ನೆಯ ಒಟ್ಟನ್ನು ಕಳೆದರೆ ಇಂದಿನ ಮಳೆ ಸಿಗುತ್ತದೆ. ಮಳೆಯೇನೂ ಗುಣೋತ್ತರ ಶ್ರೇಢಿಯಂತೆ ಸುರಿಯುವುದಿಲ್ಲ. ಆದರೆ ಒಟ್ಟುಗಳ ವ್ಯತ್ಯಾಸವೇ ಬಿಡಿ ಪದ ಎಂಬ ನಿಯಮ ಎಲ್ಲ ಶ್ರೇಢಿಗಳಿಗೂ ಒಂದೇ.

ಮುಂದಿನ ಬರವಣಿಗೆಯಲ್ಲಿ ಮೊದಲ ಪದವನ್ನು ಅ, ಸಾಮಾನ್ಯ ಅನುಪಾತವನ್ನು ರ, ಮೊದಲ ನ ಪದಗಳ ಮೊತ್ತವನ್ನು ಮ(ನ) ಎಂದು ಬರೆಯುತ್ತೇನೆ. ರ^ನ ಎಂದರೆ ರ ದ ನ ನೆಯ ಘಾತ. ಅ ಮತ್ತು ರ ಎರಡೂ ಸೊನ್ನೆಯಲ್ಲ. ಆಗ

ಮ(ನ) = ಅ + ಅರ + ಅರ² + … = ಅ(ರ^ನ − 1)/(ರ − 1)

ಎಂಬುದು ಪರಿಚಿತ ಸೂತ್ರ. ರ = 1 ಆಗಿದ್ದರೆ ಛೇದ ಸೊನ್ನೆಯಾಗುವುದರಿಂದ ಇದು ಸಲ್ಲುವುದಿಲ್ಲ; ಎಲ್ಲ ಪದಗಳೂ ಸಮವಾಗಿರುವ ಆ ಸಂದರ್ಭದಲ್ಲಿ ಮೊತ್ತ ನೇರವಾಗಿ ನ × ಅ.

ಬೆನ್ನುಬೆನ್ನಿಗೆ ಬರುವ ಮೂರು ಮೊತ್ತಗಳನ್ನು ಕೊಟ್ಟಿದ್ದರೆ ಸೂತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಉದಾಹರಣೆಗೆ ಮ(4) = 200, ಮ(5) = 605, ಮ(6) = 1820 ಎಂದಿರಲಿ. ಐದನೆಯ ಪದ 605 − 200 = 405, ಆರನೆಯ ಪದ 1820 − 605 = 1215; ಆದ್ದರಿಂದ ರ = 1215/405 = 3. ಇಲ್ಲಿ ಅನೇಕರು ವ್ಯತ್ಯಾಸ ತೆಗೆಯುವುದನ್ನು ಬಿಟ್ಟು ಮೊತ್ತಗಳನ್ನೇ ಭಾಗಿಸುತ್ತಾರೆ. 605/200 ಎಂದರೆ 3.025, 1820/605 ಎಂದರೆ ಸುಮಾರು 3.008, ಉತ್ತರ 3 ರ ಹತ್ತಿರವೇ ಬರುವುದರಿಂದ ದಾರಿ ಸರಿಯಿದೆಯೆಂಬ ಭ್ರಮೆ ಹುಟ್ಟುತ್ತದೆ. ಅನುಪಾತ 1 ಕ್ಕಿಂತ ದೊಡ್ಡದಾಗಿದ್ದಾಗ ಮೊತ್ತಗಳ ಭಾಗಲಬ್ಧವು ಪದಗಳು ಹೆಚ್ಚಿದಂತೆ ರ ವನ್ನು ಸಮೀಪಿಸುತ್ತದೆಯೇ ಹೊರತು ಎಂದಿಗೂ ರ ಆಗುವುದಿಲ್ಲ. ಅನುಪಾತ 1/2 ರಂತಹ ಚಿಕ್ಕ ಸಂಖ್ಯೆಯಾಗಿದ್ದರೆ ಅದೇ ಭಾಗಲಬ್ಧವು 1 ರ ಕಡೆಗೆ ಸಾಗುತ್ತದೆ, ಆಗ ಈ ಅಡ್ಡದಾರಿ ಪೂರ್ತಿ ದಿಕ್ಕು ತಪ್ಪಿಸುತ್ತದೆ.

ಪರೀಕ್ಷೆಗಳಲ್ಲಿ ಹೆಚ್ಚಾಗಿ ಬರುವುದು ಎರಡೇ ಮೊತ್ತಗಳನ್ನು ಕೊಡುವ ಪ್ರಶ್ನೆ, ಅದರಲ್ಲಿಯೂ ಒಂದರ ಪದಸಂಖ್ಯೆ ಇನ್ನೊಂದರ ಎರಡರಷ್ಟು ಇರುವ ಪ್ರಶ್ನೆ. ಕರಿಮೆಣಸಿನ ಸಸಿ ಬೆಳೆಸುವ ಒಂದು ನರ್ಸರಿಯನ್ನು ಊಹಿಸಿಕೊಳ್ಳೋಣ. ಅದು ಪ್ರತಿ ವರ್ಷ ಹಿಂದಿನ ವರ್ಷದ ಒಂದೇ ನಿಶ್ಚಿತ ಪಟ್ಟು ಸಸಿಗಳನ್ನು ತಯಾರಿಸುತ್ತದೆ. ಮೊದಲ ಮೂರು ವರ್ಷಗಳಲ್ಲಿ ಒಟ್ಟು 1520 ಸಸಿಗಳು, ಮೊದಲ ಆರು ವರ್ಷಗಳಲ್ಲಿ ಒಟ್ಟು 6650 ಸಸಿಗಳು ತಯಾರಾಗಿವೆ. ಆ ಪಟ್ಟು ಎಷ್ಟು?

ನಾಲ್ಕನೆಯ ಪದವೆಂದರೆ ಮೊದಲ ಪದದ ರ³ ರಷ್ಟು, ಐದನೆಯದು ಎರಡನೆಯದರ ರ³ ರಷ್ಟು, ಆರನೆಯದು ಮೂರನೆಯದರ ರ³ ರಷ್ಟು. ಹೀಗಾಗಿ ಎರಡನೆಯ ಮೂರು ವರ್ಷಗಳ ಗುಂಪು ಇಡಿಯಾಗಿ ಮೊದಲ ಗುಂಪಿನ ರ³ ರಷ್ಟಾಗಿರುತ್ತದೆ:

ಮ(6) = ಮ(3) + ರ³ × ಮ(3), ಅಂದರೆ ಮ(6)/ಮ(3) = 1 + ರ³

6650/1520 ನ್ನು ಸಂಕ್ಷೇಪಿಸಿದರೆ 35/8. ಅದರಿಂದ 1 ಕಳೆದರೆ 27/8, ಅದರ ಘನಮೂಲ 3/2. ಪ್ರತಿ ವರ್ಷವೂ ಸಸಿಗಳ ಸಂಖ್ಯೆ ಹಿಂದಿನ ವರ್ಷದ ಒಂದೂವರೆ ಪಟ್ಟಾಗಿದೆ. ಮೊದಲ ಪದ ಬೇಕಿದ್ದರೆ 1520 ನ್ನು 1 + 1.5 + 2.25 = 4.75 ರಿಂದ ಭಾಗಿಸಬೇಕು, 320 ಸಿಗುತ್ತದೆ. 320, 480, 720, 1080, 1620, 2430 ಎಂದು ಬರೆದು ಕೂಡಿದರೆ ಎರಡೂ ಮೊತ್ತಗಳು ತಾಳೆಯಾಗುತ್ತವೆ. ಸಾಮಾನ್ಯವಾಗಿ ಮ(2ನ)/ಮ(ನ) = 1 + ರ^ನ. ಇಲ್ಲಿ ನಡೆದ ಮುಖ್ಯ ಕೆಲಸವೆಂದರೆ ಭಾಗಾಕಾರದಲ್ಲಿ ಅ ಎಂಬ ತಿಳಿಯದ ಸಂಖ್ಯೆ ತಾನಾಗಿ ಹೊರಬಿದ್ದದ್ದು. ಎರಡು ಮೊತ್ತಗಳಿರುವ ಪ್ರತಿಯೊಂದು ಲೆಕ್ಕದಲ್ಲಿಯೂ ಮೊದಲು ಮಾಡಬೇಕಾದದ್ದು ಇದೇ.

ಪ್ರಶ್ನೆಯ ಮಾತನ್ನು ಎಚ್ಚರದಿಂದ ಓದಬೇಕು. ‘ಮೊದಲ ಆರು ಪದಗಳ ಮೊತ್ತ’ ಎಂದಿದ್ದರೆ 1 ಕಳೆಯಬೇಕು. ‘ನಂತರದ ಮೂರು ಪದಗಳ ಮೊತ್ತ’ ಎಂದಿದ್ದರೆ ಭಾಗಲಬ್ಧವೇ ರ³, ಕಳೆಯುವುದೇನೂ ಇಲ್ಲ. ಈ ಒಂದು ಪದದ ವ್ಯತ್ಯಾಸದಲ್ಲಿ ಪೂರ್ತಿ ಅಂಕ ಕಳೆದುಕೊಳ್ಳುವವರು ಬಹಳ.

ಘಾತ ಬೆಸವಾಗಿದ್ದರೆ ವಾಸ್ತವ ಮೂಲ ಒಂದೇ ಇರುತ್ತದೆ, ಸಮವಾಗಿದ್ದರೆ ಎರಡಿರುತ್ತವೆ. ಮ(2) = 12, ಮ(4) = 120 ಎಂದು ಕೊಟ್ಟರೆ 1 + ರ² = 10, ಆದ್ದರಿಂದ ರ² = 9. ಇಲ್ಲಿ ರ = 3 ಎಂದು ಬರೆದು ಮುಗಿಸುವುದು ಅರ್ಧ ಉತ್ತರ. ರ = 3 ಆದಾಗ ಅ = 3, ಶ್ರೇಢಿ 3, 9, 27, 81. ರ = −3 ಆದಾಗ ಅ(1 − 3) = 12 ರಿಂದ ಅ = −6, ಶ್ರೇಢಿ −6, 18, −54, 162. ಎರಡನೆಯದರ ಮೊದಲೆರಡು ಪದಗಳನ್ನು ಕೂಡಿದರೂ 12, ನಾಲ್ಕನ್ನೂ ಕೂಡಿದರೂ 120. ಕೊಟ್ಟ ಮಾಹಿತಿಯಲ್ಲಿ ಎರಡನ್ನೂ ಬೇರ್ಪಡಿಸುವ ಅಂಶವೇ ಇಲ್ಲ. ಪದಗಳೆಲ್ಲ ಧನ ಸಂಖ್ಯೆಗಳೆಂದು ಪ್ರಶ್ನೆ ಹೇಳಿದ್ದರೆ ಮಾತ್ರ ಒಂದನ್ನು ಕೈಬಿಡಬಹುದು. ಸಸಿ, ಹಣ, ತೂಕ ಮುಂತಾದವುಗಳ ಲೆಕ್ಕದಲ್ಲಿ ಈ ನಿರ್ಬಂಧ ಹೇಳದೆಯೇ ಇರುತ್ತದೆ.

ಭಾಗಿಸುವ ಮೊದಲು ಛೇದದಲ್ಲಿರುವ ಮೊತ್ತ ಸೊನ್ನೆಯಲ್ಲವೆಂದೂ ನೋಡಿಕೊಳ್ಳಬೇಕು. 7, −7, 7, −7 ಎಂಬ ಶ್ರೇಢಿಯಲ್ಲಿ ಮ(2) ಮತ್ತು ಮ(4) ಎರಡೂ ಸೊನ್ನೆ. ವಾಸ್ತವ ಸಂಖ್ಯೆಗಳ ಗುಣೋತ್ತರ ಶ್ರೇಢಿಯಲ್ಲಿ ಆರಂಭದಿಂದ ಕೂಡಿದ ಮೊತ್ತ ಸೊನ್ನೆಯಾಗುವುದು ರ = −1 ಆಗಿ ಪದಸಂಖ್ಯೆ ಸಮವಾಗಿದ್ದಾಗ ಮಾತ್ರ; ಆದ್ದರಿಂದ ಅಂತಹ ಸೊನ್ನೆ ಕಂಡರೆ ಲೆಕ್ಕ ಅಲ್ಲಿಗೇ ಮುಗಿಯಿತು, ಅನುಪಾತ −1.

ಮ(ನ), ಮ(2ನ), ಮ(3ನ) ಎಂಬ ಮೂರು ಮೊತ್ತಗಳು ಸಿಕ್ಕರೆ ಒಂದು ಹೆಚ್ಚಿನ ಅನುಕೂಲವಿದೆ. ಮೂರು ಗುಂಪುಗಳ ಮೊತ್ತಗಳು ತಾವೇ ರ^ನ ಅನುಪಾತದ ಗುಣೋತ್ತರ ಶ್ರೇಢಿಯಾಗುವುದರಿಂದ ಮಾಹಿತಿ ಸರಿಯಿದೆಯೇ ಎಂದು ಪರೀಕ್ಷಿಸಬಹುದು. ಮ(3) = 7, ಮ(6) = 63, ಮ(9) = 511 ಇದ್ದರೆ ಗುಂಪುಗಳು 7, 56, 448; ಎರಡೂ ಕಡೆ ಅನುಪಾತ 8, ರ = 2. ಕೊನೆಯ ಮೊತ್ತ 511 ರ ಬದಲು 501 ಎಂದು ಅಚ್ಚಾಗಿದ್ದರೆ ಗುಂಪು 438 ಆಗಿ ಅನುಪಾತ ಕೆಡುತ್ತದೆ, ತಪ್ಪು ಕೂಡಲೇ ಬಯಲಾಗುತ್ತದೆ.

ಪದಸಂಖ್ಯೆಗಳು ಒಂದು ಇನ್ನೊಂದರ ಎರಡರಷ್ಟಿಲ್ಲದಿದ್ದಾಗ ಘಾತಮೂಲ ತೆಗೆಯುವ ಬದಲು ಸಮೀಕರಣವನ್ನು ಬಿಡಿಸಬೇಕಾಗುತ್ತದೆ. ಅತ್ಯಂತ ಸರಳವಾದದ್ದು ಮ(2) ಮತ್ತು ಮ(3). ಮ(2) = 15, ಮ(3) = 35 ಎಂದಿರಲಿ. ಭಾಗಿಸಿದಾಗ

(1 + ರ + ರ²)/(1 + ರ) = 7/3

ಅಡ್ಡಗುಣಾಕಾರ ಮಾಡಿದರೆ 3ರ² − 4ರ − 4 = 0, ಅಪವರ್ತಿಸಿದರೆ (3ರ + 2)(ರ − 2) = 0. ರ = 2 ಆದಾಗ ಶ್ರೇಢಿ 5, 10, 20; ರ = −2/3 ಆದಾಗ ಶ್ರೇಢಿ 45, −30, 20. ಮೂರನೆಯ ಪದ ಎರಡರಲ್ಲಿಯೂ 20 ಆಗಿರುವುದು ಕಾಕತಾಳೀಯವಲ್ಲ, ಅದು 35 − 15 ಆಗಿರಲೇಬೇಕು.

ಪದಸಂಖ್ಯೆಗಳು ದೊಡ್ಡದಾಗಿದ್ದರೆ ಸಮೀಕರಣದ ಘಾತವೂ ಏರುತ್ತದೆ. ಆದರೆ ಹೆದರುವ ಮೊದಲು ಎರಡೂ ಪದಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ನೋಡಬೇಕು. ಮ(4) = 15, ಮ(6) = 63 ಎಂದು ಕೊಟ್ಟರೆ 4 ಮತ್ತು 6 ರ ಮಹತ್ತಮ ಸಾಮಾನ್ಯ ಅಪವರ್ತನ 2; ಪದಗಳನ್ನು ಎರಡೆರಡಾಗಿ ಕಟ್ಟಿದರೆ ಮೊದಲನೆಯದು ಎರಡು ಕಟ್ಟು, ಎರಡನೆಯದು ಮೂರು ಕಟ್ಟು. ಕಟ್ಟಿನಿಂದ ಕಟ್ಟಿಗೆ ಅನುಪಾತ ರ². ಅದನ್ನು ಕ ಎಂದು ಕರೆದರೆ ಐದನೆಯ ಘಾತದಂತೆ ಕಂಡ ಲೆಕ್ಕ ಮೇಲಿನ ವರ್ಗಸಮೀಕರಣದ ರೂಪಕ್ಕೆ ಇಳಿಯುತ್ತದೆ:

(1 + ಕ + ಕ²)/(1 + ಕ) = 63/15 = 21/5, ಅಂದರೆ 5ಕ² − 16ಕ − 16 = 0

ಇದರ ಮೂಲಗಳು 4 ಮತ್ತು −4/5. ಕ ಎಂಬುದು ರ ದ ವರ್ಗವಾದ್ದರಿಂದ ಋಣ ಮೂಲ ಸಲ್ಲದು; ಕ = 4, ರ = ±2. ರ = 2 ಕ್ಕೆ ಅ = 1, ರ = −2 ಕ್ಕೆ ಅ = −3. ಎರಡನ್ನೂ ಕೂಡಿ ನೋಡಿದರೆ 15 ಮತ್ತು 63 ಬರುತ್ತವೆ.

ಮೊದಲ ಪದ, ಕೊನೆಯ ಪದ ಮತ್ತು ಮೊತ್ತ ಈ ಮೂರು ತಿಳಿದಿದ್ದರೆ ಪದಗಳು ಎಷ್ಟೆಂದು ತಿಳಿಯುವ ಮೊದಲೇ ಅನುಪಾತ ಸಿಗುತ್ತದೆ. ನನ್ನ ಮಟ್ಟಿಗೆ ಈ ಅಧ್ಯಾಯದಲ್ಲಿ ಇದಕ್ಕಿಂತ ಸೊಗಸಾದ ವಾದ ಇನ್ನೊಂದಿಲ್ಲ. ಮೊತ್ತದಿಂದ ಮೊದಲ ಪದವನ್ನು ತೆಗೆದರೆ ಎರಡನೆಯದರಿಂದ ಕೊನೆಯದರವರೆಗಿನ ಪದಗಳು ಉಳಿಯುತ್ತವೆ. ಕೊನೆಯ ಪದವನ್ನು ತೆಗೆದರೆ ಮೊದಲನೆಯದರಿಂದ ಕೊನೆಯದಕ್ಕೆ ಹಿಂದಿನದರವರೆಗಿನ ಪದಗಳು ಉಳಿಯುತ್ತವೆ. ಮೊದಲ ಸಾಲಿನ ಪ್ರತಿ ಪದವೂ ಎರಡನೆಯ ಸಾಲಿನ ಅದೇ ಸ್ಥಾನದ ಪದದ ರ ದಷ್ಟು. ಆದ್ದರಿಂದ

ರ = (ಮೊತ್ತ − ಮೊದಲ ಪದ)/(ಮೊತ್ತ − ಕೊನೆಯ ಪದ)

ಮೊದಲ ಪದ 3, ಕೊನೆಯ ಪದ 96, ಮೊತ್ತ 189 ಆಗಿದ್ದರೆ ರ = 186/93 = 2. ಮೊತ್ತದ ಸೂತ್ರವನ್ನೇ ಮರೆತವರೂ ಇದನ್ನು ಬಳಸಬಹುದು, ಏಕೆಂದರೆ ಸೂತ್ರ ಹುಟ್ಟುವುದೇ ಈ ವಾದದಿಂದ. ಬೆಸ ಸ್ಥಾನದ ಪದಗಳ ಮೊತ್ತ ಮತ್ತು ಸಮ ಸ್ಥಾನದ ಪದಗಳ ಮೊತ್ತವನ್ನು ಬೇರೆಬೇರೆಯಾಗಿ ಕೊಟ್ಟಾಗಲೂ ಇದೇ ಯೋಚನೆ ಕೆಲಸಕ್ಕೆ ಬರುತ್ತದೆ: ಎಂಟು ಪದಗಳಲ್ಲಿ ಬೆಸ ಸ್ಥಾನದವುಗಳ ಮೊತ್ತ 85, ಸಮ ಸ್ಥಾನದವುಗಳ ಮೊತ್ತ 170 ಆದರೆ ರ = 170/85 = 2. ಒಟ್ಟು ಪದಗಳ ಸಂಖ್ಯೆ ಬೆಸವಾಗಿದ್ದರೆ ಕೊನೆಯ ಪದಕ್ಕೆ ಜೊತೆ ಇರುವುದಿಲ್ಲ. ಆಗ ಭಾಗಿಸುವ ಮೊದಲು ಅದನ್ನು ಬೆಸ ಸ್ಥಾನದ ಮೊತ್ತದಿಂದ ಕಳೆಯಬೇಕು.

ಈಗ ಮೊದಲ ಪದ ಮತ್ತು ಒಂದೇ ಒಂದು ಮೊತ್ತ ಗೊತ್ತಿರುವ ಸಂದರ್ಭ. ಮೊತ್ತವನ್ನು ಅ ದಿಂದ ಭಾಗಿಸಿದರೆ 1 + ರ + ರ² + … ಎಂಬ ಬೆಲೆ ದೊರೆಯುತ್ತದೆ. ಅನುಪಾತ ಪೂರ್ಣಾಂಕವಾಗಿರುವ ಸಾಧ್ಯತೆಯಿದ್ದರೆ ಭಾಗಿಸುತ್ತಾ ಕಳೆಯುತ್ತಾ ಹೋಗುವ ಹಳೆಯ ಕ್ರಮವೊಂದಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9 ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತದ ಜೊತೆಗೆ ಅದರಿಂದ ಅನುಪಾತವನ್ನು ಹಿಂದಕ್ಕೆ ಹುಡುಕುವ ಲೆಕ್ಕಗಳೂ ಇವೆ. ಕ್ರಮ ಹೀಗಿದೆ: ಮೊದಲ ಪದ 2, ಐದು ಪದಗಳ ಮೊತ್ತ 242 ಎಂದಿರಲಿ. 242/2 = 121. ಒಂದು ಕಳೆದರೆ 120; ಹುಡುಕುತ್ತಿರುವ ಅನುಪಾತ 120 ನ್ನು ನಿಶ್ಶೇಷವಾಗಿ ಭಾಗಿಸಬೇಕು. 2 ರಿಂದ ಭಾಗಿಸಿದರೆ 60, ಒಂದು ಕಳೆದರೆ 59, ಅದು ಮತ್ತೆ 2 ರಿಂದ ಭಾಗವಾಗುವುದಿಲ್ಲ, ಆದ್ದರಿಂದ 2 ಅಲ್ಲ. 3 ರಿಂದ ಭಾಗಿಸಿದರೆ 40, ಒಂದು ಕಳೆದು 39, ಭಾಗಿಸಿ 13, ಕಳೆದು 12, ಭಾಗಿಸಿ 4, ಕಳೆದು 3, ಭಾಗಿಸಿ 1. ನಾಲ್ಕು ಬಾರಿ ಭಾಗಿಸಿದ ಮೇಲೆ ಸರಿಯಾಗಿ 1 ಉಳಿದದ್ದರಿಂದ ಪದಗಳು ಐದು, ಅನುಪಾತ 3.

ವ್ಯವಹಾರದಲ್ಲಿ ಅನುಪಾತ ಇಷ್ಟು ಅಚ್ಚುಕಟ್ಟಾಗಿ ಸಿಗುವುದಿಲ್ಲ. ಕಾಫಿ ಮಾರಿದ ಹಣ ಕೈಗೆ ಬಂದಾಗ ವರ್ಷಕ್ಕೊಮ್ಮೆ 10,000 ರೂಪಾಯಿಯನ್ನು ವಾರ್ಷಿಕ ಚಕ್ರಬಡ್ಡಿಯ ಖಾತೆಗೆ ಕಟ್ಟುವ ಒಬ್ಬರನ್ನು ಊಹಿಸೋಣ. ವರ್ಷಕ್ಕೊಮ್ಮೆ ಹಣ ರ ಪಟ್ಟಾಗುವುದರಿಂದ, ಮೂರನೆಯ ಕಂತು ಕಟ್ಟಿದ ದಿನ ಎರಡನೆಯ ಕಂತು ರ ಪಟ್ಟು, ಮೊದಲನೆಯದು ರ² ಪಟ್ಟು ಆಗಿರುತ್ತದೆ. ಆ ದಿನ ಖಾತೆಯಲ್ಲಿ 33,100 ರೂಪಾಯಿ ಇದ್ದರೆ 1 + ರ + ರ² = 3.31, ಅಂದರೆ ರ² + ರ − 2.31 = 0; ಮೂಲಗಳು 1.1 ಮತ್ತು −2.1. ಎರಡನೆಯದಕ್ಕೆ ಇಲ್ಲಿ ಅರ್ಥವಿಲ್ಲ. ಬಡ್ಡಿ ದರ ಶೇ. 10. ಐದನೆಯ ಕಂತಿನ ದಿನ 58,000 ರೂಪಾಯಿ ಇದ್ದರೆ

1 + ರ + ರ² + ರ³ + ರ⁴ = 5.8

ಎಂಬ ನಾಲ್ಕನೆಯ ಘಾತದ ಸಮೀಕರಣ ಎದುರಾಗುತ್ತದೆ. ಇದನ್ನು ಅಪವರ್ತಿಸಲು ಹೋಗುವುದು ವ್ಯರ್ಥ. ಅಂದಾಜಿನಿಂದ ಹತ್ತಿರವಾಗುವುದೇ ಜಾಣತನ. ರ ಧನವಾಗಿರುವಾಗ ಅದು ಹೆಚ್ಚಿದಂತೆ ಎಡಭಾಗವೂ ಹೆಚ್ಚುತ್ತಲೇ ಹೋಗುವುದರಿಂದ ಉತ್ತರ ಒಂದೇ ಒಂದು ಇರುತ್ತದೆ, ಮತ್ತು 5.8 ಎಂಬುದು ಪದಸಂಖ್ಯೆ 5 ಕ್ಕಿಂತ ದೊಡ್ಡದಾದ್ದರಿಂದ ಆ ಉತ್ತರ 1 ಕ್ಕಿಂತ ದೊಡ್ಡದು. ರ = 1.07 ಇಟ್ಟರೆ ಎಡಭಾಗ 5.7507, 1.08 ಇಟ್ಟರೆ 5.8666, ಉತ್ತರ ಇವೆರಡರ ನಡುವೆ, ಮೊದಲನೆಯದಕ್ಕೆ ತುಸು ಹತ್ತಿರ. 1.074 ಕ್ಕೆ 5.7968, 1.0745 ಕ್ಕೆ 5.8026. ಇಷ್ಟರಿಂದ ರ ಸುಮಾರು 1.0743, ಅಂದರೆ ದರ ಸುಮಾರು ಶೇ. 7.43 ಎಂದು ಹೇಳಬಹುದು. ಹಣವನ್ನು ಕೊನೆಯ ಕಂತು ಕಟ್ಟಿ ಒಂದು ವರ್ಷದ ನಂತರ ಪಡೆದಿದ್ದರೆ ಇಡೀ ಮೊತ್ತ ಮತ್ತೊಮ್ಮೆ ರ ದಿಂದ ಗುಣಿಸಲ್ಪಟ್ಟಿರುತ್ತದೆ. ಯಾವ ದಿನದ ಮೊತ್ತವೆಂದು ಕೇಳಿ ತಿಳಿಯದೆ ಲೆಕ್ಕಕ್ಕೆ ಕೂರಬಾರದು.

ಅನಂತ ಶ್ರೇಢಿಯಲ್ಲಿ ಕೆಲಸ ಹಗುರ. ರ ದ ಬೆಲೆ −1 ಮತ್ತು 1 ರ ನಡುವೆ ಇದ್ದರೆ ಅನಂತ ಮೊತ್ತ ಮ(∞) = ಅ/(1 − ರ), ಆದ್ದರಿಂದ ರ = 1 − ಅ/ಮ(∞). ಉತ್ತರ ಬಂದ ಮೇಲೆ ಅದು ಆ ಮಿತಿಯೊಳಗಿದೆಯೇ ಎಂದು ನೋಡುವುದು ಕಡ್ಡಾಯ. ಮೊದಲ ಪದ 10, ಅನಂತ ಮೊತ್ತ 4 ಎಂದು ಯಾರಾದರೂ ಕೊಟ್ಟರೆ ರ = −1.5 ಬರುತ್ತದೆ, ಅಂತಹ ಶ್ರೇಢಿಗೆ ಅನಂತ ಮೊತ್ತವೇ ಇಲ್ಲ, ಆದ್ದರಿಂದ ಪ್ರಶ್ನೆಯೇ ತಪ್ಪು. ಮೊದಲ ಪದದ ಬದಲು ಒಂದು ಸಾಂತ ಮೊತ್ತವನ್ನು ಕೊಟ್ಟಿದ್ದರೆ ಮ(ನ)/ಮ(∞) = 1 − ರ^ನ ಎಂಬುದನ್ನು ಬಳಸಬೇಕು. ಮ(3) = 19, ಮ(∞) = 27 ಆದರೆ ರ³ = 8/27, ರ = 2/3, ಅ = 9; ಮೊದಲ ಮೂರು ಪದಗಳು 9, 6, 4.

ಅನಂತ ಶ್ರೇಢಿಯ ಮೊತ್ತವನ್ನೂ ಅದರ ಪದಗಳ ವರ್ಗಗಳ ಮೊತ್ತವನ್ನೂ ಕೊಡುವ ಪ್ರಶ್ನೆ ಪ್ರವೇಶ ಪರೀಕ್ಷೆಗಳ ತಯಾರಿಯಲ್ಲಿ ಆಗಾಗ ಕಾಣಸಿಗುತ್ತದೆ. ವರ್ಗಗಳೂ ರ² ಅನುಪಾತದ ಗುಣೋತ್ತರ ಶ್ರೇಢಿಯೇ ಆಗಿರುವುದರಿಂದ ಅವುಗಳ ಮೊತ್ತ ವ = ಅ²/(1 − ರ²). ಇದನ್ನು ಮೊತ್ತದ ವರ್ಗದಿಂದ ಭಾಗಿಸಿದರೆ ಅ ಹೊರಬಿದ್ದು (1 − ರ)/(1 + ರ) ಉಳಿಯುತ್ತದೆ; ಅದರಿಂದ

ರ = (ಮೊತ್ತದ ವರ್ಗ − ವ)/(ಮೊತ್ತದ ವರ್ಗ + ವ)

ಮೊತ್ತ 6, ವರ್ಗಗಳ ಮೊತ್ತ 12 ಆಗಿದ್ದರೆ ರ = (36 − 12)/(36 + 12) = 1/2, ಅ = 3.

ಮೊತ್ತಗಳು ದಶಮಾಂಶಕ್ಕೆ ಅಂದಾಜು ಮಾಡಿದ ಸಂಖ್ಯೆಗಳಾಗಿದ್ದಾಗ ಯಾವ ಮೊತ್ತಗಳನ್ನು ಆರಿಸುತ್ತೇವೆ ಎಂಬುದೂ ಮುಖ್ಯವಾಗುತ್ತದೆ. 1, 1/2, 1/4, … ಎಂಬ ಶ್ರೇಢಿಯ ಮ(5), ಮ(6), ಮ(7) ಗಳನ್ನು ಎರಡು ದಶಮಾಂಶ ಸ್ಥಾನಗಳಿಗೆ ಬರೆದರೆ 1.94, 1.97, 1.98. ಇವುಗಳ ವ್ಯತ್ಯಾಸಗಳು 0.03 ಮತ್ತು 0.01, ಬೆನ್ನುಬೆನ್ನಿನ ಮೊತ್ತಗಳ ದಾರಿ ಹಿಡಿದರೆ ಅನುಪಾತ 0.33 ಎಂದು ಬರುತ್ತದೆ, ನಿಜವಾದದ್ದು 0.5. ಒಂದಕ್ಕೊಂದು ಹತ್ತಿರವಿರುವ ಸಂಖ್ಯೆಗಳನ್ನು ಕಳೆದಾಗ ನಂಬಬಹುದಾದ ಅಂಕಿಗಳೆಲ್ಲ ಕರಗಿ ಅಂದಾಜಿನ ದೋಷವೇ ಉಳಿಯುವುದು ಇದಕ್ಕೆ ಕಾರಣ. ಅದೇ ಶ್ರೇಢಿಯ ಮ(3) = 1.75 ಮತ್ತು ಮ(6) = 1.97 ನ್ನು ತೆಗೆದುಕೊಂಡರೆ ರ³ = 1.97/1.75 − 1, ಅಂದರೆ ಸುಮಾರು 0.1257, ಅದರ ಘನಮೂಲ 0.501.